ಎದೆಯೊಳಗಿನ ನೈಟ್ ರೇಟ್

ಏರ್‌ಪೋರ್ಟಿನಿಂದ ಆಚೆಗೆ

ಮುಂಬೈಗೆ ಹೋಗಿಬಂದದ್ದನ್ನು ವಿದೇಶ ಪ್ರವಾಸ ಅಂತ ಬರೆದರೆ ಓದುವವರಿಗೆ ನಗು ಬಂದೀತು. ನಾನು ಉಡುಪಿಯ ಹತ್ತಿರ ಹುಟ್ಟಿದವಳು. ಆದರೆ ವೆಲ್ಲಿಂಗ್ಟನ್ನಿನಲ್ಲಿ ಅರ್ಧ ಆಯುಷ್ಯ ಕಳೆದ ಮೇಲೆ ಪಾಸ್‌ಪೋರ್ಟು ನ್ಯೂಜಿಲೆಂಡಿನದಾಗಿದೆ. ಮುಂಬೈ ಏರ್‌ಪೋರ್ಟಿನ ಅಧಿಕಾರಿ ನನ್ನ ಹೆಸರು ಓದಿದ, ಮುಖ ನೋಡಿದ, ಆಮೇಲೆ ವಿದೇಶಿಯರ ಸಾಲನ್ನು ಬೆರಳಿನಿಂದ ತೋರಿಸಿದ. ಹಿಂದೆ ಮುಂದೆ ಬೆನ್ನಿಗೆ ಚೀಲ ಕಟ್ಟಿಕೊಂಡ ಬಿಳಿಯ ಹುಡುಗ ಹುಡುಗಿಯರು. ಅವರೆಲ್ಲ ಆಗಷ್ಟೇ ಸ್ನಾನ ಮಾಡಿ ಬಂದವರ ಹಾಗೆ ಕಾಣುತ್ತಿದ್ದರು. ನಾನು ಹಿಂಡಿ ಹಾಕಿದ ಬಟ್ಟೆಯ ಹಾಗೆ ನಿಂತಿದ್ದೆ.

ನಾನು ಊರು ನೋಡಲು ಹೋದವಳಲ್ಲ, ಅಕ್ಕನ ಮನಸ್ಸು ತಿರುಗಿಸಲು ಹೋದವಳು. ನನ್ನ ಗಿರಿಜಕ್ಕ ಮದುವೆಯಾದಂದಿನಿಂದ ಚೆಂಬೂರಿನಲ್ಲಿದ್ದಾಳೆ. ಈಚೆಗೆ ಅವಳ ಎದೆಬಡಿತ ತೀರಾ ನಿಧಾನವಾಗಿದೆ. ಹೃದಯದ ಮೇಲಿನ ಕೋಣೆ ಕೊಡುವ ಸೂಚನೆ ಕೆಳಗಿನ ಕೋಣೆಗೆ ಮುಟ್ಟುತ್ತಿಲ್ಲವಂತೆ. ಅಡುಗೆಮನೆಯಲ್ಲಿ ಒಮ್ಮೆ, ಮೆಟ್ಟಿಲ ಮೇಲೆ ಒಮ್ಮೆ ತಲೆ ತಿರುಗಿ ಬಿದ್ದಿದ್ದಳು. ಡಾಕ್ಟರು ಪೇಸ್‌ಮೇಕರ್ ಹಾಕಿಸಲೇಬೇಕು, ತಡ ಮಾಡಿದರೆ ಮುಂದಿನ ಸಲ ಬಿದ್ದವರು ಏಳಲಿಕ್ಕಿಲ್ಲ ಎಂದು ನೇರವಾಗಿ ಹೇಳಿದ್ದರು. ಅಕ್ಕ ಅಷ್ಟೇ ನೇರವಾಗಿ ಬೇಡ ಎಂದಿದ್ದಳು. ಕಾರಣ ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ.

"ಸುಮಿ, ನೀನೇ ಒಮ್ಮೆ ಬಂದು ಹೋಗು," ಎಂದು ಭಾವ ಫೋನಿನಲ್ಲಿ ಹೇಳಿದ್ದರು. "ನಿಂಗೆ ಅದನ್ನು ಹಾಕಿ ಎಷ್ಟೋ ವರ್ಷ ಆಯ್ತಲ್ಲ. ನೀನು ಓಡಾಡುದು ನೋಡಿದ್ರೆ ಅವಳಿಗೆ ಧೈರ್ಯ ಬರ್ತದೆ."

ಹೀಗೆ ನಾನು ನನ್ನನ್ನೇ ಒಂದು ಸ್ಯಾಂಪಲ್ ಪೀಸಿನ ಹಾಗೆ ಹೊತ್ತುಕೊಂಡು ಹೊರಟಿದ್ದೆ.

ಭಾವ ಏರ್‌ಪೋರ್ಟಿಗೆ ಬಂದಿದ್ದರು. ಅವರು ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ದುಡಿದು, ಕೊನೆಗೆ ಅದರ ಮ್ಯಾನೇಜರಾಗಿ ನಿವೃತ್ತರಾದವರು. ಟ್ಯಾಕ್ಸಿಯವನ ಜೊತೆ ಮಾತು ಬೆಳೆದು, ಸಿಟ್ಟಾಗಿ, ನನ್ನನ್ನೂ ಸೂಟ್‌ಕೇಸನ್ನೂ ಒಂದು ಆಟೋಗೆ ತುರುಕಿದರು. ಅಲ್ಲಿಂದ ಚೆಂಬೂರಿನವರೆಗೆ ರಸ್ತೆ ಅಗೆದೇ ಇತ್ತು. ನನ್ನ ಪೇಸ್‌ಮೇಕರಿನೊಳಗೆ ಮೈಯ ಅಲುಗಾಟವನ್ನು ಅಳೆಯುವ ಒಂದು ಸಣ್ಣ ಬಿಡಿಭಾಗ ಇದೆ. ಮೈ ಅಲುಗಿದರೆ ಈ ಹೆಂಗಸು ನಡೆಯುತ್ತಿದ್ದಾಳೆ ಎಂದು ಅದು ತಿಳಿದುಕೊಂಡು ಬಡಿತ ಏರಿಸುತ್ತದೆ. ವೆಲ್ಲಿಂಗ್ಟನ್ನಿನ ನುಣ್ಣನೆಯ ರಸ್ತೆಗಳಲ್ಲಿ ಅದು ಯಾವತ್ತೂ ಮೋಸ ಹೋಗಿರಲಿಲ್ಲ. ಆಟೋ ಹೊಂಡಕ್ಕೆ ಇಳಿದು ಹತ್ತುತ್ತಿದ್ದ ಹಾಗೆ ಅದಕ್ಕೆ ನಾನು ಗುಡ್ಡ ಹತ್ತಿ ಓಡುತ್ತಿದ್ದೇನೆ ಅನಿಸಿರಬೇಕು. ಕೂತಲ್ಲೇ ಎದೆ ಡವಡವ ಎನ್ನತೊಡಗಿತು. ಚೆಂಬೂರು ಮುಟ್ಟುವಾಗ ನಾನು ಸೀಟಿನಲ್ಲಿ ಕೂತೇ ಓಡಿ ದಣಿದಿದ್ದೆ.

"ಎಂತ, ಹೆದರಿದಿಯಾ?" ಭಾವ ಕೇಳಿದರು. "ಇವ ನಿಧಾನ ಮಾರಾಯ್ತಿ. ಬೇರೆಯವ್ರು ಇನ್ನೂ ಜೋರು."

ಚೆಂಬೂರು

ಅಕ್ಕನ ಮನೆ ಹಳೆಯ ಕಾಲೊನಿಯ ಬಿಲ್ಡಿಂಗಿನ ಮೂರನೇ ಮಾಳಿಗೆ. ಲಿಫ್ಟ್ ಇಲ್ಲ. ಬಾಗಿಲು ತೆರೆದ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಂತ ಇಷ್ಟು ಸೊರಗಿದ್ದೀ?" ಎಂದಳು. ಅವಳೇ ಅರ್ಧಕ್ಕರ್ಧ ಇಳಿದಿದ್ದಳು. ತುಟಿಯಲ್ಲಿ ಬಣ್ಣ ಇರಲಿಲ್ಲ. ಅಡುಗೆಮನೆಯಿಂದ ಹಾಲಿಗೆ ಬರುವಾಗ ಬಾಗಿಲ ಚೌಕಟ್ಟು ಹಿಡಿದು ಒಂದು ಗಳಿಗೆ ನಿಲ್ಲುತ್ತಿದ್ದಳು, ಏನೋ ನೆನಪಾದವಳ ಹಾಗೆ. ಆ ನಿಲ್ಲುವಿಕೆ ನನಗೆ ಗೊತ್ತಿತ್ತು. ಪೇಸ್‌ಮೇಕರ್ ಬರುವ ಮೊದಲು ನಾನೂ ಹಾಗೆಯೇ ನಿಲ್ಲುತ್ತಿದ್ದೆ. ಆ ದೃಶ್ಯ ನೋಡಿ ನನಗೆ ನಿಜವಾಗಿ ಭಯವಾಯಿತು.

ಊಟಕ್ಕೆ ಬಾಲ್ಕನಿಯ ಕುಂಡದಲ್ಲೇ ಬೆಳೆದ ಬಸಳೆಯ ಹುಳಿ ಮಾಡಿದ್ದಳು. ತಿಂದೆದ್ದು ನಾನು ನನ್ನ ಕೆಲಸ ಶುರು ಮಾಡಿದೆ. ದೇವರ ದೀಪದ ಪಕ್ಕದಿಂದ ಬೆಂಕಿಪೊಟ್ಟಣ ತಂದು ಅವಳ ಮುಂದಿಟ್ಟೆ.

"ನೋಡಕ್ಕ, ಇದಕ್ಕಿಂತ ಸ್ವಲ್ಪ ಚಪ್ಪಟೆ. ಒಳಗೆ ಒಂದು ಬ್ಯಾಟರಿ, ಒಂದು ಪುಟ್ಟ ಕಂಪ್ಯೂಟರು. ಅದರಿಂದ ಎರಡು ತಂತಿ ರಕ್ತನಾಳದ ಒಳಗಿಂದ ಹೃದಯಕ್ಕೆ ಹೋಗ್ತದೆ. ಇದು ಸುಮ್ಮನೆ ಹೊಡೀತಾ ಕೂರುದಿಲ್ಲ. ಮೊದಲು ಕಾಯ್ತದೆ. ನಿನ್ನ ಹೃದಯ ತಾನಾಗಿ ಬಡೀತಾ ಅಂತ ಕಿವಿಗೊಡ್ತದೆ. ಬಡಿದ್ರೆ ಸುಮ್ಮನಿರ್ತದೆ. ಬಡೀದಿದ್ರೆ ಮಾತ್ರ ಒಂದು ಸಣ್ಣ ಕರೆಂಟು."

"ಮತ್ತೆ?"

"ಮತ್ತೆ, ಎಷ್ಟು ಬಡೀಬೇಕು, ಎಷ್ಟು ಜೋರಾಗಿ ತಳ್ಳಬೇಕು, ಎಲ್ಲ ಹೊರಗಿಂದಲೇ ಬದಲಾಯಿಸ್ಲಿಕ್ಕೆ ಆಗ್ತದೆ. ಕೊಯ್ಯುದು ಬೇಡ, ಚುಚ್ಚುದು ಬೇಡ. ಎದೆ ಮೇಲೊಂದು ಸಾಧನ ಇಟ್ಟು ಪ್ರೋಗ್ರಾಂ ಮಾಡ್ತಾರೆ."

"ನಮ್ಮ ಕನ್ನಡ ಸಂಘದಲ್ಲೂ ತಿಂಗಳಿಗೊಂದು ಪ್ರೋಗ್ರಾಂ ಮಾಡ್ತಾರೆ. ಮೂರು ಜನ ಭಾಷಣ, ಒಂದು ಉಪ್ಪಿಟ್ಟು," ಎಂದಳು ಅಕ್ಕ.

ನಾನು ನಕ್ಕೆ. ಇನ್ನೂ ಹೇಳುವುದಿತ್ತು. ವಿಮಾನದಲ್ಲಿ ಕೂತು ಒಳ್ಳೊಳ್ಳೆಯ ಮಾತು ಜೋಡಿಸಿಕೊಂಡು ಬಂದಿದ್ದೆ. ಅಷ್ಟರಲ್ಲಿ ಯಾರೋ ನನ್ನೊಳಗಿನ ನಲ್ಲಿ ತಿರುಗಿಸಿ ನಿಲ್ಲಿಸಿದ ಹಾಗಾಯಿತು. ಕೈಕಾಲು ಭಾರ, ನಾಲಗೆ ಭಾರ. ಅಕ್ಕ ಮಧ್ಯಾಹ್ನದ ಚಹಾಕ್ಕೆ ನೀರಿಡಲು ಎದ್ದಾಗ ನಾನು ಸೋಫಾದ ಮೇಲೆ ಒರಗಿದ್ದೆ. ಲೋಟ ತಂದು ಕೊಟ್ಟರೆ ಎತ್ತುವ ಮನಸ್ಸೇ ಇಲ್ಲ.

ಪ್ರಯಾಣದ ಆಯಾಸ ಎಂದುಕೊಂಡೆ. ಮರುದಿನವೂ ಹಾಗೆಯೇ. ಬೆಳಿಗ್ಗೆ ಚೆನ್ನಾಗಿ ಇರುವುದು, ಚಹಾದ ಹೊತ್ತಿಗೆ ಸರಿಯಾಗಿ ಕುಸಿಯುವುದು. ಸಂಜೆಯಿಡೀ ಗೋಣಿಚೀಲದ ಹಾಗೆ ಬಿದ್ದಿರುವುದು. ಎಲ್ಲರೂ ಹಾಸಿಗೆ ಹಾಸುವ ಹೊತ್ತಿಗೆ ನನಗೆ ಮೆಲ್ಲನೆ ಜೀವ ಬರುವುದು. ಆಮೇಲೆ ನಿದ್ದೆ ಇಲ್ಲ. ಇಂಥ ವಿಷಯದಲ್ಲಿ ಮುಂಬೈಯವರು ಸುಮ್ಮನಿರುವುದಿಲ್ಲ. ವೆಲ್ಲಿಂಗ್ಟನ್ನಿನಲ್ಲಿ ನಾನು ವಾರವಿಡೀ ಮಲಗಿದರೂ ಪಕ್ಕದ ಮನೆಯವರು ಬಾಗಿಲು ತಟ್ಟಲಾರರು. ಅದು ಅಲ್ಲಿನ ಮರ್ಯಾದೆ. ಗಂಡ ತೀರಿಕೊಂಡ ಮೇಲೆ, ಮಕ್ಕಳೂ ಇಲ್ಲದ ಆ ಮನೆಯಲ್ಲಿ ನನಗೆ ಆ ಮರ್ಯಾದೆ ಸ್ವಲ್ಪ ಜಾಸ್ತಿಯೇ ಸಿಕ್ಕಿದೆ. ಇಲ್ಲಿ ಬಿಲ್ಡಿಂಗಿನ ಹೆಂಗಸರು ಸಂಜೆ ಸಾಲಾಗಿ ಬಂದು, ಸೋಫಾದ ಸುತ್ತ ಕೂತು, ನನ್ನನ್ನು ನೋಡಿ ನಿರ್ಣಯ ಕೊಟ್ಟರು. ಜೆಟ್‌ಲ್ಯಾಗ್ ಎಂದಳು ಒಬ್ಬಳು. ಸೆಕೆ ಎಂದಳು ಇನ್ನೊಬ್ಬಳು. ನೀರು ಒಗ್ಗಲಿಲ್ಲ ಎಂದಳು ಮತ್ತೊಬ್ಬಳು. ಕೆಳಗಿನ ಮನೆಯ ಮರಾಠಿ ಅಜ್ಜಿ ಏನೂ ಹೇಳದೆ ಮೆಣಸು ಉಪ್ಪು ತಂದು ದೃಷ್ಟಿ ತೆಗೆದು ಹೋದಳು.

ಅಕ್ಕ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ನೀನೇ ಎದ್ದು ಕೂರ್ಲಿಕ್ಕೆ ಆಗದೆ ಬಿದ್ದಿದ್ದೀ," ಎಂದಳು ಒಂದು ಸಂಜೆ. "ಅದನ್ನು ಹಾಕಿಸಿದ್ರೆ ಹೀಗಾಗುದಾದ್ರೆ ನಂಗೆ ಈಗ ಇದ್ದದ್ದೇ ಸಾಕಲ್ಲ ಸುಮಿ."

ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಸೀರೆ ಅಂಗಡಿಯವನು ಬಿಡಿಸಿ ತೋರಿಸಿದ ಸೀರೆಯಲ್ಲೇ ತೂತು ಇದ್ದರೆ ಯಾರು ಕೊಂಡಾರು?

ಗ್ರಾಂಟ್ ರೋಡ್

ಭಾವನ ಹಳೆಯ ಹೋಟೆಲಿನ ಈಗಿನ ಧಣಿಗಳಿಗೆ ಒಂದು ಅಭ್ಯಾಸ. ಇವರ ಮನೆಗೆ ಯಾರಾದರೂ ದೂರದಿಂದ ಬಂದರೆ ಊಟಕ್ಕೆ ಕರೆಯಲೇಬೇಕು. ಅಕ್ಕನನ್ನು ಬಿಟ್ಟು ಹೋಗೋಣ ಎಂದರೆ ಅವಳು ಒಪ್ಪಲಿಲ್ಲ. ಟ್ಯಾಕ್ಸಿ ಮಾಡೋಣ ಎಂದರೆ ಅದಕ್ಕೂ ಒಪ್ಪಲಿಲ್ಲ. "ಟ್ಯಾಕ್ಸಿಯಲ್ಲಿ ನಂಗೆ ವಾಂತಿ ಬರ್ತದೆ. ಲೋಕಲ್ಲೇ ಒಳ್ಳೇದು," ಎಂದಳು. ಚೆಂಬೂರಿನಿಂದ ಕುರ್ಲಾ, ಕುರ್ಲಾದಿಂದ ದಾದರ್, ದಾದರಿನಲ್ಲಿ ಸೇತುವೆ ದಾಟಿ ಮತ್ತೊಂದು ಗಾಡಿ. ಭಾವ ಗಂಡಸರ ಡಬ್ಬಿಗೆ ಹೋದರು. ನಾವಿಬ್ಬರು ಹೆಂಗಸರ ಡಬ್ಬಿಗೆ.

ಆ ಡಬ್ಬಿಯ ನಿಯಮಗಳನ್ನು ಕಲಿಯಲು ಒಂದು ಜನ್ಮ ಬೇಕು. ಹತ್ತಿದ ಕೂಡಲೇ ನಿಂತವರು ಕೂತವರನ್ನು ಎಲ್ಲಿ ಇಳಿಯುತ್ತೀರಿ ಎಂದು ಕೇಳುತ್ತಾರೆ. ಇಂಥ ಸ್ಟೇಷನ್ ಎಂದು ಕೂತವಳು ಹೇಳಿದರೆ ಆ ಸೀಟು ಕೇಳಿದವಳದ್ದಾಯಿತು. ಅವಳಿಂದ ಮತ್ತೊಬ್ಬಳು ಕೇಳಿಕೊಳ್ಳುತ್ತಾಳೆ. ಕಣ್ಣಿಗೆ ಕಾಣದ ಒಂದು ಸಾಲು ಹೀಗೆ ಬಾಯಿಮಾತಿನಲ್ಲೇ ನಿಲ್ಲುತ್ತದೆ, ಯಾರೂ ಅದನ್ನು ಮುರಿಯುವುದಿಲ್ಲ. ವೆಲ್ಲಿಂಗ್ಟನ್ನಿನ ಬಸ್ಸಿನಲ್ಲಿ ಅಪರಿಚಿತರನ್ನು ಹಾಗೆ ಕೇಳಿದರೆ ಅವರು ಹೆದರಿ ಇಳಿದೇ ಬಿಟ್ಟಾರು. ಅಕ್ಕನ ಮುಖ ನೋಡಿದ ಒಬ್ಬ ಹುಡುಗಿ ಮಾತ್ರ ಸಾಲುಗೀಲು ಎಲ್ಲ ಬಿಟ್ಟು ಎದ್ದು ನಿಂತಳು.

ಊಟ ಭರ್ಜರಿಯಾಗಿತ್ತು. ಭಾವನ ಹಳೆಯ ಜೊತೆಗಾರರು ಒಬ್ಬೊಬ್ಬರೇ ಬಂದು ಮಾತಾಡಿಸಿದರು, ಊರಿನ ಸುದ್ದಿ ನನ್ನನ್ನೇ ಕೇಳಿದರು. ಅವರು ವರ್ಷಕ್ಕೆ ಎರಡು ಸಲ ಊರಿಗೆ ಹೋಗುವವರು. ನಾನು ಹತ್ತು ವರ್ಷಕ್ಕೊಮ್ಮೆ ಹೋಗುವವಳು. ಮಾತು ಮುಗಿಯುವುದರಲ್ಲಿ ಹೊತ್ತು ಇಳಿದಿತ್ತು, ನನ್ನ ಎದೆ ಎಂದಿನಂತೆ ಬಾಗಿಲು ಹಾಕಿಕೊಂಡಿತ್ತು. ಸ್ಟೇಷನ್ನಿಗೆ ವಾಪಸು ನಡೆಯುವಾಗ ಕಾಲು ಎತ್ತಿಡುವುದೇ ಒಂದು ಕೆಲಸ.

ಭಾವ ಟಿಕೆಟಿಗೆಂದು ಮುಂದೆ ಹೋಗಿದ್ದರು. ಸ್ಟೇಷನ್ ಸೇತುವೆಯ ಮೆಟ್ಟಿಲ ಅರ್ಧದಲ್ಲಿ ಅಕ್ಕ ನಿಂತಳು. ನನ್ನ ಕೈ ಹಿಡಿದಿದ್ದಳು. ಆ ಹಿಡಿತ ಸಡಿಲವಾಯಿತು. ಅವಳು ಕುಸಿಯುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು, ಆದರೆ ಅವಳನ್ನು ಹಿಡಿದು ನಿಲ್ಲಿಸುವ ತ್ರಾಣ ನನ್ನಲ್ಲಿರಲಿಲ್ಲ. ನಾನೂ ಅವಳ ಜೊತೆಗೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವಳ ತಲೆ ನನ್ನ ತೊಡೆಯ ಮೇಲೆ ಬಿತ್ತು. ಮುಖ ಬೂದಿಯ ಬಣ್ಣ. ಮಣಿಕಟ್ಟು ಒತ್ತಿ ಹಿಡಿದೆ, ಏನೂ ಸಿಗಲಿಲ್ಲ. ಮತ್ತೆ ಒತ್ತಿದೆ. ಬಹಳ ಹೊತ್ತಿನ ಮೇಲೆ ಒಂದು ಬಡಿತ ಬೆರಳಿಗೆ ತಾಗಿತು, ಇನ್ನೂ ಸ್ವಲ್ಪ ಹೊತ್ತಿಗೆ ಇನ್ನೊಂದು.

ಅಷ್ಟರಲ್ಲಿ ಸುತ್ತ ಗುಂಪು. ಮುಂಬೈಯಲ್ಲಿ ಯಾರಿಗೂ ಪುರುಸೊತ್ತಿಲ್ಲ ಎನ್ನುತ್ತಾರೆ. ಬಿದ್ದವರಿಗೆ ಮಾತ್ರ ಎಲ್ಲರಿಗೂ ಪುರುಸೊತ್ತು. ಹೂ ಮಾರುವ ಹೆಂಗಸು ತನ್ನ ಬುಟ್ಟಿಯ ನೀರನ್ನೇ ಅಕ್ಕನ ಮುಖಕ್ಕೆ ಚಿಮುಕಿಸಿದಳು. ಆಫೀಸಿನ ಬ್ಯಾಗು ಹಾಕಿಕೊಂಡಿದ್ದ ಗಂಡಸೊಬ್ಬ ತನ್ನ ಬೂಟು ಬಿಚ್ಚಿ ಮೂಗಿಗೆ ಹಿಡಿಯಲು ಬಂದ. ಅದು ಮೂರ್ಛೆರೋಗಕ್ಕೆ ಮಾಡುವ ಮದ್ದು, ಅದಕ್ಕೂ ಉಪಯೋಗವಿಲ್ಲ ಎನ್ನಬೇಕೆಂದರೆ ನನಗೆ ಬಾಯಿ ಏಳಲಿಲ್ಲ. ಅಕ್ಕ ಕಣ್ಣು ಬಿಟ್ಟಾಗ ಅವಳಿಗೆ ಮೊದಲು ಕಂಡದ್ದು ಆ ಬೂಟು.

"ಅದನ್ನು ಆಚೆ ತೆಗೀಲಿಕ್ಕೆ ಹೇಳು," ಎಂದಳು ಕನ್ನಡದಲ್ಲಿ. ಆಮೇಲೆ, "ನಂಗೆ ಎಂತದೂ ಆಗ್ಲಿಲ್ಲ."

ಮನೆಗೆ ಟ್ಯಾಕ್ಸಿಯಲ್ಲಿ ಬಂದೆವು. ಅವಳಿಗೆ ವಾಂತಿ ಬರಲಿಲ್ಲ. ಭಾವ ಮುಂದಿನ ಸೀಟಿನಲ್ಲಿ ಕೂತು ದಾರಿಯಿಡೀ ತಿರುಗಿ ತಿರುಗಿ ಅವಳನ್ನೇ ನೋಡುತ್ತಿದ್ದರು. ಮನೆಯಲ್ಲಿ ಅಕ್ಕ ಮಲಗಿದ ಮೇಲೆ ನನ್ನ ಹತ್ತಿರ ಬಂದು, "ನಾಳೆ ಅಂಧೇರಿಗೆ ಹೋಗುವ," ಎಂದರು. "ಅಲ್ಲೊಂದು ಕ್ಲಿನಿಕ್ಕು ಉಂಟು, ಇದರದ್ದೇ ಚೆಕಿಂಗ್ ಮಾಡ್ತಾರೆ. ನಿಂದು ತೋರಿಸುವ. ಅವಳನ್ನೂ ಕರ್ಕೊಂಡು ಹೋಗುವ. ನಿಂಗೆ ಎಂತಾಗಿದೆ ಅಂತ ಗೊತ್ತಾಗದೆ ಅವಳು ಒಪ್ಪುದಿಲ್ಲ."

ಅಂಧೇರಿ

ಕ್ಲಿನಿಕ್ಕಿನಲ್ಲಿ ನಮ್ಮನ್ನು ಕರೆದವರು ಶೈಲಾ ಎಂಬ ಟೆಕ್ನಿಷಿಯನ್. ನಲವತ್ತು ದಾಟಿದ ಹೆಂಗಸು, ನೆತ್ತಿಯ ಮೇಲೆ ಕನ್ನಡಕ ಏರಿಸಿಕೊಂಡಿದ್ದರು. ಮೊದಲು ಹಿಂದಿಯಲ್ಲಿ ಮಾತಾಡಿದರು. ನಾವು ಮೂವರೂ ನಮ್ಮನಮ್ಮಲ್ಲೇ ಕನ್ನಡದಲ್ಲಿ ಮಾತಾಡಿಕೊಂಡದ್ದು ಕೇಳಿ ಅವರ ಮುಖ ಅರಳಿತು.

"ನಮ್ಮ ಅಪ್ಪಾರು ವಿಜಾಪುರ ಕಡೀದವ್ರು. ನಾ ಇಲ್ಲೇ ಹುಟ್ಟಿದಾಕಿ. ಕನ್ನಡ ತೋಡಾ ತೋಡಾ ಬರ್ತೈತ್ರಿ," ಎಂದರು. ಅವರ ಕನ್ನಡವೂ ಭಾವನ ಕನ್ನಡವೂ ಬೇರೆ ಬೇರೆ ಊರಿನವು, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ಮಾತ್ರ ಮುಟ್ಟುತ್ತಿತ್ತು.

ನನ್ನನ್ನು ಮಲಗಿಸಿ ಎಡ ಭುಜದ ಕೆಳಗೆ, ಎದೆಯ ಮೇಲೆ ಒಂದು ದಪ್ಪ ಬಿಲ್ಲೆಯಂಥ ಸಾಧನ ಇಟ್ಟರು. ಅದರಿಂದ ತಂತಿ ಒಂದು ಕಂಪ್ಯೂಟರಿಗೆ ಹೋಗಿತ್ತು. ಪರದೆಯ ಮೇಲೆ ನನ್ನ ಬಡಿತಗಳು ಸಾಲಾಗಿ ಹರಿದವು. ಬ್ಯಾಟರಿ ಚೆನ್ನಾಗಿದೆ ಎಂದರು, ತಂತಿಗಳೂ ಚೆನ್ನಾಗಿವೆ ಎಂದರು. ಆಮೇಲೆ, "ನಿಮ್ಮ ಸ್ವಂತ ಹಾರ್ಟು ಎಷ್ಟು ಕೆಲಸ ಮಾಡ್ತೈತಿ ಅಂತ ನೋಡ್ತೀನ್ರಿ. ಸ್ವಲ್ಪ ತಲಿ ಹಗರ ಆಗಬಹುದು. ನಾ ಇಲ್ಲೇ ಅದೀನಿ," ಎಂದು ಏನನ್ನೋ ಒತ್ತಿದರು.

ಬಡಿತ ಮೆಲ್ಲಗೆ ಇಳಿಯಿತು. ಕೋಣೆ ದೂರ ಸರಿಯಿತು. ಈ ಪರೀಕ್ಷೆ ನನಗೆ ಹೊಸದಲ್ಲ, ಆದರೂ ಪ್ರತಿ ಸಲವೂ ನಾನು ಹೆದರುತ್ತೇನೆ. ಪಕ್ಕದ ಕುರ್ಚಿಯಲ್ಲಿದ್ದ ಅಕ್ಕ ನನ್ನ ಕೈ ಹಿಡಿದಳು. ಶೈಲಾ ಮತ್ತೆ ಒತ್ತಿದರು. ಬಡಿತ ಬಂತು, ಕೋಣೆಯೂ ವಾಪಸು ಬಂತು. ನಾನು ಬಿಳಿಚಿದ್ದೂ ಮತ್ತೆ ಬಣ್ಣ ಬಂದದ್ದೂ ಅಕ್ಕನಿಗೆ ಕಂಡಿತ್ತು. ಅವಳು ಕೈ ಬಿಡಲಿಲ್ಲ.

ಶೈಲಾ ಪರದೆಯನ್ನೇ ನೋಡುತ್ತಾ ಹುಬ್ಬು ಗಂಟಿಕ್ಕಿದರು. "ನಿಮಗ ನೈಟ್ ರೇಟ್ ಹಾಕ್ಯಾರಲ್ರಿ," ಎಂದರು.

ಅಷ್ಟು ಹೊತ್ತು ಸುಮ್ಮನೆ ನಿಂತಿದ್ದ ಭಾವ ಮುಂದೆ ಬಂದರು. "ಎಂತ ನೈಟ್ ರೇಟ್? ನಾವು ಬಂದದ್ದು ಬೆಳಿಗ್ಗೆಯೇ ಅಲ್ವಾ?"

"ಅಲ್ರಿ ಕಾಕಾ, ಇವರಿಗೆ ನೈಟ್ ರೇಟ್ ದಿನಾ ಮಧ್ಯಾಹ್ನ ಚಾಲೂ ಆಗಾಕತ್ತೈತಿ."

"ಮಧ್ಯಾಹ್ನ ನೈಟ್ ರೇಟ್ ಹೇಗೆ ಹಾಕ್ತಾರೆ? ಆಟೋದವ್ರೂ ನಡುರಾತ್ರಿ ಆಗದೆ ಹಾಕುದಿಲ್ಲ. ನಾನೂ ಹೋಟೆಲಿನ ರೇಟ್ ಬೋರ್ಡು ಬರೆದವನೇ. ಇದು ಸರಿಯಲ್ಲ. ನೈಟ್ ರೇಟ್ ಬೇಡ, ತೆಗೀರಿ."

"ತೆಗೀಬೇಕು ಅಂತನ ನಾನೂ ಹೇಳಾಕತ್ತೀನಿ," ಎಂದರು ಶೈಲಾ.

"ಮತ್ತೆ ಹಾಕಿದ್ದು ಯಾಕೆ?"

"ನಾ ಹಾಕಿಲ್ರಿ. ಇವರ ಊರಾಗ ಹಾಕ್ಯಾರ."

"ಅಲ್ಲಿಂದ ಇಲ್ಲಿಯವರೆಗೆ ಬಂತಾ ಅದು?"

"ಅದ ಬಂದೈತ್ರಿ," ಎಂದು ಶೈಲಾ ನಗತೊಡಗಿದರು. ಭಾವನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅವರಿಬ್ಬರೂ ಒಂದೇ ಮಾತು ಆಡುತ್ತ ಬೇರೆ ಬೇರೆ ಜಗಳ ಆಡುತ್ತಿದ್ದಾರೆ ಎಂದು ನನಗೆ ಅರ್ಥವಾಗುವಷ್ಟರಲ್ಲಿ ಅಕ್ಕನೂ ನಕ್ಕುಬಿಟ್ಟಿದ್ದಳು. ನಾನು ಬಂದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಶೈಲಾ ಕುರ್ಚಿ ಎಳೆದು ಕೂತು ತಿಳಿಸಿ ಹೇಳಿದರು. ಮನುಷ್ಯ ಮಲಗಿದಾಗ ಹೃದಯಕ್ಕೂ ವಿಶ್ರಾಂತಿ ಬೇಕು. ಅದಕ್ಕೆ ಪೇಸ್‌ಮೇಕರ್ ಮಾಡಿದವರು ಅದರೊಳಗೆ ಒಂದು ಗಡಿಯಾರ ಇಟ್ಟಿದ್ದಾರೆ. ರಾತ್ರಿಯಾದ ಕೂಡಲೇ ಅದು ಬಡಿತದ ವೇಗ ಇಳಿಸುತ್ತದೆ, ಬೆಳಗಾದರೆ ಏರಿಸುತ್ತದೆ. ಆ ಇಳಿಸಿದ ವೇಗಕ್ಕೇ ನೈಟ್ ರೇಟ್ ಎನ್ನುವುದು. ಆದರೆ ಆ ಗಡಿಯಾರಕ್ಕೆ ಸೂರ್ಯ ಕಾಣುವುದಿಲ್ಲ. ನಾನು ಸಮುದ್ರ ದಾಟಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಮುಂಬೈಯಲ್ಲಿ ಚಹಾ ಕುದಿಯುವ ಹೊತ್ತಿಗೆ ವೆಲ್ಲಿಂಗ್ಟನ್ನಿನಲ್ಲಿ ಮಲಗುವ ಹೊತ್ತು. ನಾನು ಗ್ರಾಂಟ್ ರೋಡಿನ ಮೆಟ್ಟಿಲು ಹತ್ತುತ್ತಿದ್ದಾಗ ನನ್ನ ಹೃದಯ ಹೊದ್ದು ಮಲಗಿತ್ತು. ಕೆಲವರಿಗೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲವಂತೆ. ಬಡಿತವೆಲ್ಲ ಮಷಿನ್ನಿನದೇ ಆಗಿರುವ ನನ್ನಂಥವರಿಗೆ, ಅದೂ ಈ ಸೆಕೆಯಲ್ಲಿ, ಚೆನ್ನಾಗಿ ತಿಳಿಯುತ್ತದೆ.

"ನೀವು ಮುಂಬೈಗೆ ಬಂದೀರಿ. ನಿಮ್ಮ ಪೇಸ್‌ಮೇಕರ್ ಇನ್ನಾ ನ್ಯೂಜಿಲೆಂಡ್‌ನ್ಯಾಗ ಐತ್ರಿ," ಎಂದರು ಶೈಲಾ. ಒಳಗಿನ ಕೋಣೆಯ ಡಾಕ್ಟರನ್ನು ಕೇಳಿ ಬಂದು, ನಾನು ವಾಪಸು ಹೋಗುವವರೆಗೆ ನೈಟ್ ರೇಟ್ ತೆಗೆದುಹಾಕಿದರು.

"ಅಲ್ಲಿ ಮುಟ್ಟಿದ ಮ್ಯಾಲೆ ನಿಮ್ಮ ಆಸ್ಪತ್ರ್ಯಾಗ ಹೇಳಿ ಮತ್ತ ಹಾಕಿಸ್ಕೊಳ್ರಿ."

ಭಾವ ಗೆದ್ದವರ ಹಾಗೆ ನನ್ನನ್ನು ನೋಡಿದರು. ಅವರಿಗೆ ಕೊನೆಗೂ ತಾನು ವಾದಿಸಿದ್ದರಿಂದಲೇ ತೆಗೆದದ್ದು ಎಂಬ ನಂಬಿಕೆ.

ನಾನು ಎದ್ದು ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದಾಗ ಅಕ್ಕ ಶೈಲಾರನ್ನು ಕೇಳಿದಳು. ಅದೇನೋ ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡಿದ್ದ ಪ್ರಶ್ನೆ ಎಂದು ಅವಳ ದನಿಯಲ್ಲೇ ತಿಳಿಯಿತು.

"ಜನ ಸತ್ತ ಮೇಲೂ ಇದು ಹೊಡೀತಾ ಇರ್ತದಂತೆ ಹೌದಾ? ಪ್ರಾಣ ಹೋಗ್ಲಿಕ್ಕೆ ಬಿಡುದಿಲ್ಲ ಅಂತಾರೆ."

"ಇದು ಹೊಡೀತೈತ್ರಿ ಮೌಶಿ, ಆದ್ರ ಹಾರ್ಟು ಓಗೊಡೂದಿಲ್ಲ. ಸತ್ತ ಮಾಂಸಕ್ಕ ಕರೆಂಟು ಕೊಟ್ರ ಏನೂ ಆಗೂದಿಲ್ಲ. ಹೋಗೋ ಜೀವಾನ ಇದು ಹಿಡಕೊಂಡು ಕುಂದ್ರೂದಿಲ್ರಿ."

"ಮತ್ತೆ ಸುಡುವ ಮೊದಲು ಕೊಯ್ದು ತೆಗೀಬೇಕಾ?"

ಶೈಲಾ ನನ್ನ ಮುಖ ನೋಡಿದರು. ಸುಳ್ಳು ಹೇಳಲಿಲ್ಲ. "ಹೌದ್ರಿ. ಬ್ಯಾಟರಿ ಬೆಂಕ್ಯಾಗ ಸಿಡೀತೈತಿ. ಸಣ್ಣ ಕೊಯ್ತ, ಹಾಕೋ ಮುಂದ ಕೊಯ್ದಷ್ಟ. ಹಾಸ್ಪಿಟಲ್‌ನ್ಯಾಗ ಮೊದಲ ಹೇಳಿದ್ರ ಅವರ ತೆಗೀತಾರ."

ಅಕ್ಕ ತಲೆಯಾಡಿಸಿದಳು. ಅಂಧೇರಿಯ ಮೆಟ್ರೋ ಸ್ಟೇಷನ್ನಿನಲ್ಲಿ ನನ್ನ ಪೇಸ್‌ಮೇಕರ್ ಕಾರ್ಡು ನೋಡಿದ ಗಾರ್ಡ್ ಹುಡುಗಿ ಲೋಹ ಪತ್ತೆಯ ಮಷಿನ್ ಬಿಟ್ಟು ಕೈಯಿಂದಲೇ ತಡವಿ ನೋಡಿ, ತನ್ನ ಎದೆಯ ಮೇಲೆ ಅಂಗೈ ಇಟ್ಟು, "ದರ್ದ್ ಹೋತಾ ಹೈ ಕ್ಯಾ ಆಂಟಿ?" ಎಂದು ಕೇಳಿದಳು. ನೋವೇನೂ ಇಲ್ಲ ಎಂದೆ. ಅಕ್ಕ ಅದನ್ನೂ ಕೇಳಿಸಿಕೊಂಡಳು.

ಮತ್ತೆ ಚೆಂಬೂರು

ಆ ದಿನ ಮಧ್ಯಾಹ್ನ ಚಹಾ ನಾನೇ ಮಾಡಿದೆ. ಲೋಟ ನಾನೇ ಎತ್ತಿ ಅಕ್ಕನ ಕೈಗೆ ಕೊಟ್ಟೆ. ಸಂಜೆ ಬಂದ ಬಿಲ್ಡಿಂಗಿನ ಹೆಂಗಸರಿಗೆ ನಾನು ನಿಂತಿದ್ದುದು ನೋಡಿ ನಿರಾಸೆಯೇ ಆಯಿತೋ ಏನೋ. ಕೆಳಗಿನ ಮನೆಯ ಅಜ್ಜಿಯ ಮೆಣಸು ಉಪ್ಪಿಗೆ ಅವರೆಲ್ಲ ಗೌರವ ಸಲ್ಲಿಸಿ ಹೋದರು. ದಣಿವು ಪೂರ್ತಿ ಹೋಗಿರಲಿಲ್ಲ. ಇಷ್ಟು ದಿನದ ನಿದ್ದೆ ಬಾಕಿ ಇತ್ತು. ಆದರೆ ಇದು ಮನುಷ್ಯರ ದಣಿವು, ಒಂದು ರಾತ್ರಿ ಮಲಗಿದರೆ ಹೋಗುವಂಥದು.

ಹೊತ್ತು ಕಂತುವಾಗ ಅಕ್ಕ ಬಾಲ್ಕನಿಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ನೋಡಿದಿಯಲ್ಲ," ಎಂದೆ. "ಕೆಟ್ಟದ್ದು ಮಷಿನ್ನಲ್ಲ. ಅದರ ಗಡಿಯಾರ ಬೇರೆ ಊರಿನದ್ದು ಅಷ್ಟೇ. ಒಂದು ಗುಂಡಿ ಒತ್ತಿ ಸರಿ ಮಾಡಿದ್ರು. ಇನ್ನು ನಿಂಗೆ ಎಂತ ಹೆದರಿಕೆ?"

ಅವಳು ದಂಟು ಮುರಿಯುತ್ತಲೇ ಇದ್ದಳು. ಆಮೇಲೆ ಎರಡನೇ ಮಾಳಿಗೆಯ ಮಾಸ್ತರರ ಕಥೆ ಹೇಳಿದಳು. ಅವರಿಗೂ ಪೇಸ್‌ಮೇಕರ್ ಇತ್ತು. ಮನೆಯಲ್ಲೇ, ನಿದ್ದೆಯಲ್ಲೇ ತೀರಿಕೊಂಡರು. ಯಾರಿಗೂ ಅದರ ನೆನಪು ಬರಲಿಲ್ಲ. ಸ್ನಾನ ಮಾಡಿಸಿ, ಹೂವಿನ ಹಾರ ಹಾಕಿ ಒಯ್ದರು. ಪೇಸ್‌ಮೇಕರ್ ಇದೆಯಾ ಎಂದು ಸ್ಮಶಾನದವರು ಕೇಳಿದಾಗ ಮಗ ಹೌದು ಎಂದ. ತೆಗೆಸಿಕೊಂಡು ಬನ್ನಿ ಎಂದರು. ಹಾಗೆ ಹೆಣ ಅಲ್ಲಿಂದ ಆಸ್ಪತ್ರೆಗೆ, ಆ ಆಸ್ಪತ್ರೆ ಆಗುವುದಿಲ್ಲ ಎಂದ ಮೇಲೆ ಇನ್ನೊಂದಕ್ಕೆ. ಮನೆಯಲ್ಲಿದ್ದ ಮಾಸ್ತರರ ಹೆಂಡತಿಗೆ ಫೋನಿನ ಮೇಲೆ ಫೋನು. ಎಲ್ಲ ಮುಗಿಯಿತು ಎಂದುಕೊಂಡು ಅತ್ತು ಕೂತವಳು ಮತ್ತೆ ಎದ್ದು ನಿಂತು ಕಾಯಬೇಕಾಯಿತು. ಅವಳ ಪಕ್ಕದಲ್ಲಿ ಇಡೀ ಹೊತ್ತು ಇದ್ದವಳು ನನ್ನ ಅಕ್ಕ.

"ಒಮ್ಮೆ ಕಳಿಸಿದ್ದನ್ನು ಮತ್ತೆ ಕೊಯ್ದು ಕಳಿಸಿದ್ರು," ಎಂದಳು. "ಬದುಕಿದ್ದಾಗ ಎಷ್ಟು ಬೇಕಾದ್ರೂ ಕೊಯ್ಲಿ, ನಂಗೆ ಹೆದರಿಕೆ ಇಲ್ಲ. ಆ ಹೆಂಗಸು ಆವತ್ತು ನಿಂತ ಹಾಗೆ ಇವ್ರು ನಿಲ್ಲುದು ಬೇಡ ಸುಮಿ. ಇವ್ರಿಗೆ ಅದೆಲ್ಲ ಆಗುದಿಲ್ಲ."

ಒಳಗೆ ಟೀವಿಯ ಮುಂದೆ ಕೂತಿದ್ದ ಭಾವನ ಬೋಳುತಲೆ ಇಲ್ಲಿಂದ ಕಾಣುತ್ತಿತ್ತು.

"ಅದಕ್ಕೆ ಮೊದಲೇ ಹೇಳಿಟ್ಟರೆ ಆಯ್ತಲ್ಲ ಅಕ್ಕ," ಎಂದೆ. "ಮಾಸ್ತರರ ಮನೆಯವ್ರಿಗೆ ನೆನಪಾಗ್ಲಿಲ್ಲ, ಅದ್ರಿಂದ ಆದದ್ದು. ಹೇಳುವ ಜನ ಒಬ್ರು ಇದ್ರೆ ಸಾಕು."

ಅವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು.

"ನಿಂದು ಯಾರು ಹೇಳುದು?"

"ಎಂತ?"

"ಅಲ್ಲಿ ನೀನು ಒಬ್ಳೇ. ನಿನ್ನದುಂಟಲ್ಲ ಎದೆಯಲ್ಲಿ, ಅದನ್ನು ತೆಗೀಬೇಕು ಅಂತ ಅಲ್ಲಿ ಯಾರು ಹೇಳುದು?"

ಆಸ್ಪತ್ರೆಯವರಿಗೆ ಗೊತ್ತಿರುತ್ತದೆ ಎಂದೆ. ನೀನು ಆಸ್ಪತ್ರೆಯಲ್ಲೇ ಸಾಯುವುದು ಅಂತ ಯಾರಾದರೂ ಬರೆದುಕೊಟ್ಟಿದ್ದಾರಾ ಎಂದು ಕೇಳಿದಳು. ಅಲ್ಲಿನವರು ಎಲ್ಲ ಸರಿಯಾಗಿ ನೋಡಿಕೊಳ್ಳುತ್ತಾರೆ ಎಂದೆ. ಯಾರು ಎಂದಳು. ನಾನು ಹೆಸರು ಹುಡುಕಿದೆ. ಪಕ್ಕದ ಮನೆಯವರ ಹೆಸರು ಗೊತ್ತಿದೆ, ಆದರೆ ಅವರಿಗೆ ನನ್ನ ಎದೆಯಲ್ಲಿ ಏನಿದೆ ಎಂದು ಗೊತ್ತಿಲ್ಲ. ಇಷ್ಟು ವರ್ಷ ಈ ಮಷಿನ್ನಿನ ಬಗ್ಗೆ ನಾನು ಓದದ ವಿಷಯ ಇರಲಿಲ್ಲ. ಇದೊಂದು ಮಾತ್ರ ನನಗೆ ಹೊಳೆದೇ ಇರಲಿಲ್ಲ. ಬಾಯಿ ತೆರೆದೆ, ಅಳು ಬಂತು. ಅವಳ ಮುಂದೆ ಅತ್ತು ಎಷ್ಟು ವರ್ಷವಾಗಿತ್ತೋ.

ಅಕ್ಕ ಸಮಾಧಾನ ಮಾಡಲಿಲ್ಲ. ಸೊಪ್ಪಿನ ತಟ್ಟೆ ಕೆಳಗಿಟ್ಟು, ಬಾಲ್ಕನಿಯ ಸರಳು ಹಿಡಿದು ಎದ್ದಳು. ಎದ್ದಲ್ಲೇ ಒಂದು ಗಳಿಗೆ ನಿಂತಳು, ತಲೆ ತಿರುಗುವುದು ನಿಲ್ಲಲಿ ಎಂದು. ನಾನು ಹಿಡಿದುಕೊಂಡೆ. ಈ ಸಲ ನನ್ನಲ್ಲಿ ತ್ರಾಣ ಇತ್ತು.

"ಇಕೊಳ್ಳಿ," ಎಂದು ಒಳಗೆ ಕರೆದಳು. "ನಾಳೆ ಡಾಕ್ಟ್ರಿಗೆ ಫೋನ್ ಮಾಡಿ. ಹಾಕಿಸ್ತೇನೆ ಅಂತ ಹೇಳಿ."

ಭಾವ ಟೀವಿಯ ಸದ್ದು ಕಡಿಮೆ ಮಾಡಿದರು. ಕೇಳಿಸಿದ್ದು ನಿಜವೋ ಅಲ್ಲವೋ ಎಂಬಂತೆ ನನ್ನನ್ನು ನೋಡಿದರು.

"ಇವಳಿಗಿಂತ ಮೊದ್ಲು ನಾನು ಹೋದ್ರೆ ಆಗುದಿಲ್ಲ," ಎಂದಳು ಅಕ್ಕ. "ಇವಳದ್ದು ತೆಗೀಬೇಕು ಅಂತ ಅಲ್ಲಿಗೆ ಫೋನ್ ಮಾಡಿ ಹೇಳ್ಲಿಕ್ಕೆ ಜನ ಬೇಕಲ್ಲ."